ಹಳ್ಳಿ ಹೆಂಗಸರ ಪತ್ರಗಳ ಪುಟ: ನಿಂತುಹೋಗದಂತೆ ನಡೆಸುವುದು ಹೇಗೆ?

ಜಯನಗರದ ಓದುಗಿ:
ಮಾಗಡಿ, ಕನಕಪುರ ಕಡೆಯ ಸ್ತ್ರೀಶಕ್ತಿ ಸಂಘಗಳಿಗಾಗಿ ಬೆಂಗಳೂರಿನಿಂದ ನಾಲ್ಕು ಪುಟದ ಮಾಸಿಕ ತರುತ್ತಿದ್ದೇವೆ. ಒಂದು ಪುಟ ಓದುಗರ ಪತ್ರಗಳಿಗೇ ಮೀಸಲು. ಬರುವುದೆಲ್ಲ ‘ಪತ್ರಿಕೆ ಚೆನ್ನಾಗಿದೆ’ ಎನ್ನುವ ಕಾಗದ. ಅವರವರೇ ಮಾತಾಡಿಕೊಳ್ಳುವಂತೆ ಮಾಡುವುದು ಹೇಗೆ? ಹೆಸರು ಹಾಕಲು ಅಂಜುವವರಿಗೆ ಏನು ದಾರಿ?

ಅಚ್ಚುಮೊಳೆ:
‘ಅನಿಸಿಕೆ ಬರೆಯಿರಿ’ ಎಂದರೆ ಹೊಗಳಿಕೆಯೇ ಬರುವುದು. ಅವರ ಕೈ ಪಳಗಿದ ಕೆಲಸ ಕೇಳಿ: ‘ಅವರೆಕಾಳಿಗೆ ಹುಳ ಬೀಳದಂತೆ ಏನು ಮಾಡುತ್ತೀರಿ?’ ಒಬ್ಬರು ಒಲೆಬೂದಿ ಬೆರೆಸಿ ಅನ್ನುತ್ತಾರೆ, ಇನ್ನೊಬ್ಬರು ಹರಳೆಣ್ಣೆ ಸವರಿ ಅನ್ನುತ್ತಾರೆ, ಮತ್ತೊಬ್ಬರು ಬಿಸಿಲಲ್ಲಿ ಸರಿಯಾಗಿ ಒಣಗದಿದ್ದರೆ ಎರಡೂ ದಂಡ ಅನ್ನುತ್ತಾರೆ. ಮೂರನ್ನೂ ಅಕ್ಕಪಕ್ಕ ಹಾಕಿ. ತೀರ್ಪು ಮಾತ್ರ ಕೊಡಬೇಡಿ, ಸಂಪಾದಕರು ತೀರ್ಪು ಕೊಟ್ಟರೆ ಮಾತು ಅಲ್ಲಿಗೇ ಮುಗಿಯಿತು. ಪತ್ರವನ್ನು 80–100 ಪದಕ್ಕೆ ಇಳಿಸಿ, ಕಾಗುಣಿತ ತಿದ್ದಿ. ಆದರೆ ‘ಮಡಗಿದ್ದೆ’ ಎಂದು ಬರೆದದ್ದನ್ನು ‘ಇಟ್ಟಿದ್ದೆ’ ಮಾಡಬೇಡಿ. ತಮ್ಮ ಮಾತು ಅಚ್ಚಿನಲ್ಲಿ ಕಾಣದಿದ್ದರೆ ಎರಡನೇ ಪತ್ರ ಬರುವುದಿಲ್ಲ.

ಅಂಚೆಪೆಟ್ಟಿಗೆ:
ಕಾವ್ಯನಾಮವನ್ನು ಅವರೇ ಆರಿಸಲಿ, ಪ್ರತಿ ಸಲವೂ ಅದೇ ಇರಲಿ. ‘ನೊಂದ ಮಹಿಳೆ’ ಎಂದು ಎಲ್ಲರಿಗೂ ಹಾಕಿದರೆ ಯಾರಿಗೆ ಯಾರು ಉತ್ತರಿಸುವುದು? ನಿಜವಾದ ಹೆಸರು, ವಿಳಾಸ ಒಂದು ನೋಟ್‌ಬುಕ್‌ನಲ್ಲಿ, ಒಬ್ಬರ ಕೈಯಲ್ಲಿ ಮಾತ್ರ ಇರಬೇಕು. ತಾಲ್ಲೂಕು ಹಾಕಿ, ಊರು ಬೇಡ. ಸಣ್ಣ ಊರಲ್ಲಿ ‘ಮೂರು ಹೆಣ್ಣುಮಕ್ಕಳು, ಹೊಲಿಗೆ ಮಿಷನ್ ಇದೆ’ ಎಂದರೂ ಗುರುತು ಸಿಕ್ಕಿಬಿಡುತ್ತದೆ, ಅಂಥ ಸಾಲು ತೆಗೆಯಿರಿ.

ಇಬ್ಬರು ನೇರ ಬರೆದುಕೊಳ್ಳಬೇಕೆಂದರೆ ಎರಡು ಲಕೋಟೆ ಬೇಕು. ಒಳಗಿನದಕ್ಕೆ 5 ರೂಪಾಯಿ ಅಂಚೆಚೀಟಿ ಅಂಟಿಸಿ, ಮೇಲೆ ಕಾವ್ಯನಾಮ ಬರೆದು, ಅದನ್ನು ಹೊರಗಿನದರಲ್ಲಿಟ್ಟು ನಿಮಗೆ ಕಳಿಸಲಿ. ನೀವು ವಿಳಾಸ ಬರೆದು ಡಬ್ಬಿಗೆ ಹಾಕಿ. 20 ಗ್ರಾಂ ಮೀರಬಾರದು, ಮೀರಿದರೆ ಬಾಕಿ ಹಣ ಪಡೆಯುವವರ ತಲೆಗೇ ಬರುತ್ತದೆ.

ಹಳೇ ಸಂಚಿಕೆ:
ಅಡುಗೆಗೊಂದು, ಹಕ್ಕುಗಳಿಗೊಂದು ಎಂದು ಪುಟ ಒಡೆಯಬೇಡಿ. ಕೆನಡಾದ ವಿನಿಪೆಗ್‌ನಿಂದ ಬರುತ್ತಿದ್ದ ರೈತರ ಪತ್ರಿಕೆ ‘ಗ್ರೇನ್ ಗ್ರೋವರ್ಸ್ ಗೈಡ್’ನ ಮಹಿಳಾ ಪುಟವನ್ನು 1912ರಿಂದ 1917ರವರೆಗೆ ಫ್ರಾನ್ಸಿಸ್ ಮೇರಿಯನ್ ಬೇನನ್ ನೋಡಿಕೊಂಡರು. ದೂರದೂರದ ಹೊಲಮನೆಗಳ ಹೆಂಗಸರು ಮನೆಗೆಲಸದ ಜೊತೆಗೇ ಆಸ್ತಿ, ಮತದ ಹಕ್ಕನ್ನೂ ಅಲ್ಲೇ ಚರ್ಚಿಸಿದರು. ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದ ಹೆಂಗಸರಿಗೆ ಮತದ ಹಕ್ಕು ಬಂದದ್ದು 1916ರಲ್ಲಿ. ನಮ್ಮಲ್ಲಿ ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ಕೃಷಿಕರ ಕೈಯಿಂದಲೇ ಬರೆಸುತ್ತಿದೆ. ನಿಮ್ಮ ಪುಟದಲ್ಲೂ ಅವರೆಕಾಳಿನ ಪಕ್ಕದಲ್ಲೇ ‘ಪಹಣಿಯಲ್ಲಿ ನನ್ನ ಹೆಸರು ಸೇರಿಸುವುದು ಹೇಗೆ’ ಎನ್ನುವ ಪತ್ರ ಬರಲಿ.

ಬರೆಯಲು ಬಾರದವರ ಮಾತನ್ನು ಸಂಘದ ಸಭೆಯಲ್ಲಿ ಬರೆದುಕೊಂಡು, ಅವರಿಗೇ ಓದಿ ಹೇಳಿ, ಹೂಂ ಅಂದ ಮೇಲೆ ಅಚ್ಚಿಗೆ ಕೊಡಿ.