ಮಂಗಳೂರು–ದುಬೈ: ಅಮ್ಮನ ಮೊದಲ ವಿಮಾನಯಾನ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. 68 ವರ್ಷದ ಅಮ್ಮ ಮುಂದಿನ ತಿಂಗಳು ಒಬ್ಬರೇ ದುಬೈಗೆ, ಅಕ್ಕನ ಬಾಣಂತನಕ್ಕೆ ಹೊರಟಿದ್ದಾರೆ. ಟಿಕೆಟಿನಲ್ಲಿ ಬೆಳಿಗ್ಗೆ 8.30ಕ್ಕೆ ಹೊರಟು 10.50ಕ್ಕೆ ತಲುಪುತ್ತದೆ ಎಂದಿದೆ. ಅಮ್ಮ ‘ಎರಡೂಕಾಲು ಗಂಟೆ ಅಷ್ಟೇ ಅಲ್ವಾ’ ಎಂದು ನಿರಾಳವಾಗಿದ್ದಾರೆ. ಆದರೆ ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಪ್ರಯಾಣ 3 ಗಂಟೆ 50 ನಿಮಿಷ. ನೇರ ದೂರವೇ ಎರಡೂವರೆ ಸಾವಿರ ಕಿ.ಮೀ. ಹತ್ತಿರ ಇದೆಯಲ್ಲ.

ನನ್ನ ಚಿಂತೆ ಅವರ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು ಅರ್ಧ ಗಂಟೆಯೊಳಗೆ ತಿಂಡಿ ತಿನ್ನಲೇಬೇಕು. ಪುತ್ತೂರಿನಿಂದ ಬಜ್ಪೆಗೆ ಹೋಗಿ, ಮೂರು ಗಂಟೆ ಮೊದಲೇ ಅಲ್ಲಿರಬೇಕೆಂದರೆ ಮನೆ ಬಿಡುವುದು ನಸುಕಿನಲ್ಲೇ. ಡೋಸ್ ಬಗ್ಗೆ ಡಾಕ್ಟರನ್ನೇ ಕೇಳುತ್ತೇನೆ, ಆದರೆ ಅವರಿಗೆ ಹೇಳಲು ಸರಿಯಾದ ಸಮಯ ಬೇಕು.

ಈ ದಾರಿಯಲ್ಲಿ ಓಡಾಡುವವರು ದಯವಿಟ್ಟು ತಿಳಿಸಿ: ವಿಮಾನ ಏರಿದ ಎಷ್ಟು ಹೊತ್ತಿಗೆ ತಿಂಡಿ ಕೊಡುತ್ತಾರೆ? ಗಾಲಿಕುರ್ಚಿ ಕೇಳಿದ್ದೇವೆ, ಇಳಿದ ಮೇಲೆ ಇಮಿಗ್ರೇಷನ್, ಲಗೇಜ್ ಮುಗಿಸಿ ಹೊರಬರಲು ಎಷ್ಟು ಹಿಡಿಯುತ್ತದೆ? ಇನ್ಸುಲಿನ್ ಕೈಚೀಲದಲ್ಲೇ ಇರುತ್ತದೆ, ವೈದ್ಯರ ಚೀಟಿಯೂ ಇದೆ. ತಪಾಸಣೆಯಲ್ಲಿ ಇನ್ನೇನಾದರೂ ಕೇಳಿದರೇ? ಅಮ್ಮನಿಗೆ ತುಳು, ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.