ಬಾಡಿಗೆದಾರರ ಕರೆಂಟ್ ಬಿಲ್ ನಾನೇ ಕಟ್ತೀನಿ, ರಿಟರ್ನ್‌ನಲ್ಲಿ ಹಾಕೋಕೆ ಜಾಗನೇ ಇಲ್ವಲ್ಲ?!

ನಿಟ್ಟುವಳ್ಳಿ_ಮನೆ: ತಲೆ ಕೆಟ್ಟೋಗಿದೆ. ಮೂರು ದಿನದಿಂದ ಆದಾಯ ತೆರಿಗೆ ರಿಟರ್ನ್ ಫಾರ್ಮು ಐಟಿಆರ್-1 ತುಂಬ್ತಾ ಕೂತಿದೀನಿ, ಬಾಡಿಗೆ ಎಷ್ಟು, ಕಂದಾಯ ಎಷ್ಟು, ಸಾಲದ ಬಡ್ಡಿ ಎಷ್ಟು, ಇಷ್ಟೇ ಕೇಳುತ್ತೆ. ಬಾಡಿಗೆದಾರರ ಪರವಾಗಿ ಕರೆಂಟು ನೀರು ಅಂತ ವರ್ಷಕ್ಕೆ 36 ಸಾವಿರದ ಹತ್ರ ಕಟ್ಟಿದೀನಿ, ಅದು ಎಲ್ಲೋಯ್ತು? ಕಂದಾಯದ ಕಾಲಮ್ಮಿಗೇ ಸೇರಿಸಿಬಿಡ್ಲಾ?

ದುರ್ಗದ_ಲೆಕ್ಕ: ಸಿಂಪಲ್ ಗುರು, ಬಾಡಿಗೇನ ಬಿಸಿನೆಸ್ ಅಂತ ತೋರ್ಸು. ಕರೆಂಟು, ನೀರು, ಪೇಂಟು, ಪ್ಲಂಬರು ಎಲ್ಲಾ ಖರ್ಚಿಗೆ ಬರುತ್ತೆ. ನಮ್ಮ ಮಾವ ಹತ್ತು ವರ್ಷದಿಂದ ಹಂಗೇ ಮಾಡ್ತಾ ಅವ್ರೆ.

ಪಿಜೆ_ಕಾಕಾ: ಮಾವ್ನೋರಿಗೆ ಈಗ ನಿಲ್ಲಿಸೋಕೆ ಹೇಳ್ರಿ. ವಾಸದ ಮನಿ ಬಾಡಿಗಿ ಬಿಸಿನೆಸ್ ಅಂತ ತೋರಿಸೋ ದಾರಿ ಅಸೆಸ್‌ಮೆಂಟ್ ವರ್ಷ 2025-26ರಿಂದ, ಅಂದ್ರೆ 2024-25ರಾಗ ಬಂದ ಬಾಡಿಗಿಯಿಂದ, ಮುಚ್ಚೈತಿ. ಮನೆ ಆಸ್ತಿ ಆದಾಯ ಅಂತಾನೇ ಹಾಕ್ಬೇಕು. ಕಂದಾಯದ ಕಾಲಮ್ಮಿಗೆ ಬೆಸ್ಕಾಂ ಬಿಲ್ಲು ತುರುಕಬ್ಯಾಡ್ರಿ, ಅದು ಪಾಲಿಕೆ ತೆರಿಗಿಗೆ ಮಾತ್ರ, ಅದೂ ಮಾಲೀಕರೇ ಆ ವರ್ಷ ಕಟ್ಟಿರಬೇಕು. ಹಳೇ ಬಾಕಿ ಸೇರಿಸಿ ಕಟ್ಟಿದ್ರೂ ಕಟ್ಟಿದ ವರ್ಷಕ್ಕೇ ಬರ್ತೈತಿ. ಆಮೇಲೆ ಉಳಿದಿದ್ದರಾಗ 30% ತಾನಾಗೇ ಬಿಡ್ತಾರೆ, ನೀವು ಒಂದು ಮೊಳೆ ಹೊಡೀದಿದ್ರೂ ಸೈತ.

ದುರ್ಗದ_ಲೆಕ್ಕ: ಅಂಗಡಿ ಇದ್ರೆ? ಅಂಗಡಿ ಆದ್ರೆ ಬಿಸಿನೆಸ್ಸೇ ಅಲ್ವಾ?

ಪಿಜೆ_ಕಾಕಾ: ಅವರು ಅಂಗಡಿ ಅಂದ್ರಾ? ನಿಮಗ್ಯಾಕೆ ಬಿಸಿನೆಸ್ ಮೇಲೆ ಅಷ್ಟು ಮೋಹ.

ಬೆಣ್ಣೆದೋಸೆ_ಭಕ್ತ: ನಂಗೊಂದು ಅರ್ಥ ಆಗ್ಲಿಲ್ಲ, ಕರೆಂಟ್ ಬಿಲ್ ಬರೋದಾದ್ರೂ ಯಾಕೆ? ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, 200 ಯೂನಿಟ್ ತನಕ.

ನಿಟ್ಟುವಳ್ಳಿ_ಮನೆ: ಮೀಟರ್ ಒಂದೇ ಸಾರ್. ಮೆಟ್ಟಿಲ ಕೆಳಗೆ ಬೋರ್ಡಿದೆ, ಅಲ್ಲಿಂದ ಮೇಲಿನ ಮನೆಗೆ ಸಬ್ ಮೀಟರ್ ಹಾಕ್ಸಿದೀನಿ. ಎರಡೂ ಮನೆದು ಸೇರಿ 200 ದಾಟುತ್ತೆ. ತಿಂಗಳಾ ತಿಂಗಳಾ ಸಬ್ ಮೀಟರ್ ಫೋಟೋ ತೆಗ್ದು ಬಾಡಿಗೆದಾರರಿಗೆ ವಾಟ್ಸಾಪ್ ಮಾಡ್ತೀನಿ, ಅವ್ರು ಬಾಡಿಗೆ 12 ಸಾವಿರದ ಜೊತೆಗೆ ಅದನ್ನೂ ಸೇರ್ಸಿ ಫೋನ್‌ಪೇ ಮಾಡ್ತಾರೆ.

ಪಿಜೆ_ಕಾಕಾ: ಅಯ್ಯೋ ಶಿವನೇ. ಅಂದ್ರೆ ದುಡ್ಡು ವಾಪಸ್ ಬರ್ತೈತಿ! ಇದನ್ನ ಮೊದಲೇ ಹೇಳ್ಬೇಕಿತ್ತಲ್ರಿ. ಅವರು ಉರಿಸಿದ ಯೂನಿಟ್ಟಿಂದು ಅವರೇ ಕೊಟ್ರೆ ಅದು ಬಾಡಿಗಿನೇ ಅಲ್ಲ, ನಿಮ್ ಖರ್ಚೂ ಅಲ್ಲ. ಬಾಡಿಗಿ 1,44,000 ಅಂತಷ್ಟೇ ಹಾಕ್ರಿ. ಬ್ಯಾಂಕಿಗೆ ಬಂದಿದ್ದೆಲ್ಲಾ ಒಟ್ಟು ಹಾಕಿ ಬಾಡಿಗಿ ಅಂತ ತೋರ್ಸಿದ್ರೆ ಇಲ್ಲದ ಆದಾಯಕ್ಕೆ ಟ್ಯಾಕ್ಸ್ ಕಟ್ತೀರಿ. ಆ ಫೋಟೋಗಳನ್ನ ಮಾತ್ರ ಡಿಲೀಟ್ ಮಾಡಬ್ಯಾಡ್ರಿ. ಅಗ್ರಿಮೆಂಟ್‌ನಾಗ ಏನು ಬರ್ದೀರಿ?

ನಿಟ್ಟುವಳ್ಳಿ_ಮನೆ: ಅದ್ರಲ್ಲಿ... ‘ಕರೆಂಟು ನೀರು ಸೇರಿ 15,000’ ಅಂತಿದೆ. ಟೈಪಿಸ್ಟ್ ಹಳೇದನ್ನೇ ಕಾಪಿ ಹೊಡ್ದಿದಾನೆ.

ಪಿಜೆ_ಕಾಕಾ: ಕೆಟ್ಟಿತಲ್ಲ. ಎಲ್ಲಾ ಸೇರಿ ಒಂದೇ ಮೊತ್ತ ಅಂತಿದ್ರೆ ಅದನ್ನ ಒಡೀಬೇಕು, ಮನಿ ಬಾಡಿಗಿ ಒಂದ್ಕಡೆ, ಸೌಲಭ್ಯದ ದುಡ್ಡು ಇತರೆ ಮೂಲದ ಆದಾಯಕ್ಕೆ. ಅಲ್ಲಿ ನೀವು ನಿಜವಾಗ್ಲೂ ಕಟ್ಟಿದ ಬಿಲ್ಲು ಕಳೀಬಹುದು. ಆದ್ರೆ ಐಟಿಆರ್-1ರಾಗ ಆ ಖರ್ಚು ಕಳೆಯೋಕೆ ಜಾಗ ಇಲ್ಲ, ಐಟಿಆರ್-2ಕ್ಕೆ ಹೋಗ್ರಿ. ಮೂರು ದಿನ ನೀವು ಗುದ್ದಾಡಿದ್ದು ಅದಕ್ಕೇ ಇರ್ಬೇಕು.

ದುರ್ಗದ_ಲೆಕ್ಕ: ನೋಡಿದ್ರಾ, ಖರ್ಚು ಕಳೀಬಹುದು ಅಂತ ನಾನೂ ಹೇಳಿದ್ದೆ.

ಪಿಜೆ_ಕಾಕಾ: ನೀವು ಪೇಂಟನ್ನೂ ಸೇರಿಸಿದ್ರಿ.

ಬೆಣ್ಣೆದೋಸೆ_ಭಕ್ತ: ಈ ರಗಳೆನೇ ಬೇಡ ಅಂತ ನಾನು ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕ್ಸಿದೆ, 78,000 ಸಬ್ಸಿಡಿ ಅಕೌಂಟಿಗೇ ಬಂತು. ಏಪ್ರಿಲ್ ಬಿಸ್ಲಲ್ಲಿ ಇನ್ವರ್ಟರ್ ಆ್ಯಪ್ ತೆಗ್ದು ನೋಡ್ಬೇಕು, ಅದೇ ಒಂದು ಮಜಾ. ಪ್ಯಾನೆಲ್ ತೊಳೆಯೋಕೆ ಉದ್ದದ ಮಾಪ್ ಬೇರೆ ತಂದಿದೀನಿ.

ದುರ್ಗದ_ಲೆಕ್ಕ: ನಮ್ದು 5 ಕಿಲೋವ್ಯಾಟ್ 😎

ಪಿಜೆ_ಕಾಕಾ: ಇಲ್ಲಿ ಟ್ಯಾಕ್ಸ್ ಮಾತಾಡ್ತಿದ್ವಿ.

ನಿಟ್ಟುವಳ್ಳಿ_ಮನೆ: ಕಾಕಾ, ಮುಂದಿನ 11 ತಿಂಗಳ ಅಗ್ರಿಮೆಂಟ್‌ನಲ್ಲಿ ಬಾಡಿಗೆ 12,000, ಕರೆಂಟು ಸಬ್ ಮೀಟರ್ ಪ್ರಕಾರ, ನೀರು ಬೇರೆ ಅಂತ ಬರ್ಸಿದ್ರೆ ಆಯ್ತಾ? ಈ ವರ್ಷದ ಬಿಲ್ಲೆಲ್ಲಾ ಒಂದು ಫೈಲಿಗೆ ಹಾಕ್ತಿದೀನಿ, ಆಗಸ್ಟ್‌ದೊಂದು ಸಿಗ್ತಿಲ್ಲ.

ಪಿಜೆ_ಕಾಕಾ: ಬರ್ಸ್ರಿ. ಟೈಪಿಸ್ಟ್ ಪಕ್ಕ ಕೂತು ಬರ್ಸ್ರಿ.

ಹೊಸಬ_ಹಿರಿಯೂರು: ಸಾರ್ ಆ ಸಬ್ ಮೀಟರ್ ಎಲ್ಲಿ ತಗೊಂಡ್ರಿ? ನಮ್ದು ಫ್ಯಾನ್ ಆಫ್ ಇದ್ರೂ ಓಡ್ತದೆ.