ಸಹಾಯ ಬೇಕು: ಅಡಿಕೆ ತೋಟದ ಸೆನ್ಸರ್‌ಗಳಿಗೆ ವೈರ್‌ಲೆಸ್ ಚಾರ್ಜಿಂಗ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಹಾಕಿದ್ದೇವೆ. ನೆರಳು ಜಾಸ್ತಿ, ಸೋಲಾರ್ ನಡೆಯುವುದಿಲ್ಲ. ಅದಕ್ಕೇ 866 ಮೆಗಾಹರ್ಟ್ಸ್ ರೇಡಿಯೋ ಅಲೆಯಿಂದ ಚಾರ್ಜ್ ಮಾಡುತ್ತಿದ್ದೇವೆ. ಲೈಸೆನ್ಸ್ ಬೇಡ, ಆದರೆ ಟ್ರಾನ್ಸ್‌ಮಿಟರ್ 1 ವ್ಯಾಟ್ ದಾಟುವಂತಿಲ್ಲ. ದೂರ ಎರಡರಷ್ಟಾದರೆ ಸಿಗುವ ಪವರ್ ಕಾಲು ಭಾಗ, ಅದೂ ಬಯಲಲ್ಲಿ. ಮಳೆಗೆ ಸೋಗೆ ಒದ್ದೆಯಾದರೆ ಇನ್ನೂ ಕಡಿಮೆ. ಹತ್ತಿರದ ಸೆನ್ಸರ್‌ಗಳಲ್ಲಿ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ತುಂಬಿ ಸುಮ್ನೆ ಕೂತಿರುತ್ತದೆ. ಬಸಿಗಾಲುವೆ ಆಚೆಯವು ಡೇಟಾ ಕಳಿಸಲು ಹೋದ ಕೂಡಲೇ ವೋಲ್ಟೇಜ್ ಕುಸಿದು ರೀಸೆಟ್ ಆಗುತ್ತವೆ.

ಈಗ ಟ್ರಾನ್ಸ್‌ಮಿಟರನ್ನು ತಳ್ಳುಗಾಡಿಯಲ್ಲಿಟ್ಟು ಸಾಲುಗಳ ನಡುವೆ ಓಡಿಸೋಣ ಅಂತಿದ್ದೇವೆ. ಎಲ್ಲಿ, ಎಷ್ಟು ಹೊತ್ತು ನಿಲ್ಲಿಸಬೇಕೆಂದು ಲೆಕ್ಕ ಹಾಕುವುದು ಹೇಗೆ? ದಾರಿ ಚಿಕ್ಕದಾದರೆ ಸಾಲದು, ಖಾಲಿಯಾಗುತ್ತಿರುವ ಸೆನ್ಸರ್‌ಗೆ ಮೊದಲು ಚಾರ್ಜ್ ಕೊಡಬೇಕು ಅಲ್ವಾ? ಮೈಕ್ರೋವ್ಯಾಟ್‌ನಲ್ಲೂ ಕೆಲಸ ಮಾಡುವ ರೆಕ್ಟಿಫೈಯರ್ (ರೇಡಿಯೋ ಅಲೆಯನ್ನು ಡಿಸಿ ಕರೆಂಟ್ ಮಾಡುವ ಸರ್ಕ್ಯೂಟ್) ಕಟ್ಟಿದವರಿದ್ದರೆ ಯಾವ ಡಯೋಡ್ ಹಾಕಿದಿರಿ ಹೇಳಿ. ಬ್ಯಾಟರಿ ಬದಲಿಸಿ ಅಂತ ಮಾತ್ರ ಅನ್ನಬೇಡಿ ಮಾರಾಯ್ರೆ!